ಸಮುದ್ರರಾಜನ ಗುಮಾಸ್ತ

೧೧ ಜನವರಿ ೧೯೦೬, ಎಲ್ಬೆ ನದಿಯ ಮುಖ

ಮುಂಬರುವ ಶತಮಾನಗಳ ನೌಕಾ ಇತಿಹಾಸ ಪರಿಷತ್ತಿನ ಮಹಾಧ್ಯಕ್ಷರೇ, ಗಡ್ಡ ಬಾಚಿಕೊಂಡು ಮುಂದಿನ ಸಾಲಿನಲ್ಲಿ ಕುಳಿತ ಪಂಡಿತರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಹನೀಯರೇ. ‘ಓಟಿಲಿಯೆ’ ಎಂಬ ವಿಹಾರನೌಕೆಯ ಸಮಗ್ರ ಚರಿತ್ರೆಯನ್ನು ತಮ್ಮ ಪಾದಗಳಲ್ಲಿ ಅರ್ಪಿಸಲು ಅಪ್ಪಣೆಯಾಗಲಿ. ಅರ್ಪಿಸುವವನು ಲೇಬೆರೆಷ್ಟ್ ಪುಲ್ಸ್, ವಯಸ್ಸು ನಲವತ್ತನಾಲ್ಕು, ಹುಟ್ಟಿದ್ದು ಆಲ್ಟೋನಾದಲ್ಲಿ, ಉದ್ಯೋಗ ಈ ಹಡಗಿನ ಅಚ್ಚುಗಾರ. ಊಟದ ಪಟ್ಟಿ, ಸಂಗೀತದ ಪಟ್ಟಿ, ಯಾರ ಪಕ್ಕ ಯಾರು ಕೂರಬೇಕೆಂಬ ಪಟ್ಟಿ, ಎಲ್ಲವೂ ನನ್ನ ಕಾಲಿನಿಂದಲೇ ಹೊರಡುತ್ತವೆ. ಯಂತ್ರ ಕಾಲಿನಿಂದ ತುಳಿಯುವಂಥದ್ದು.

ಮೊದಲು ಹಡಗಿನ ವಿಚಾರ. ಕೆಲವು ವರ್ಷಗಳ ಹಿಂದಿನ ತನಕ ಹಡಗೆಂದರೆ ಏನನ್ನಾದರೂ ಎಲ್ಲಿಗಾದರೂ ಒಯ್ಯುವ ವಸ್ತು. ನಮ್ಮ ಕಂಪನಿಯಲ್ಲಿ ಯಾರೋ ಪುಣ್ಯಾತ್ಮರಿಗೆ ಬೇರೊಂದು ಹೊಳೆಯಿತು. ಶ್ರೀಮಂತರನ್ನು ಹತ್ತಿಸಿಕೊಂಡು ಒಂದು ಸುತ್ತು ಹಾಕಿಸಿ, ಹತ್ತಿದಲ್ಲಿಗೇ ತಂದು ಇಳಿಸಿದರೆ ಹೇಗೆ? ಅದಕ್ಕೆಂದೇ ಕಟ್ಟಿದ ಮೊದಮೊದಲ ಹಡಗುಗಳಲ್ಲಿ ಇದೊಂದು. ಬಿಳಿ ಮೈ, ಚೂಪು ಮೂತಿ, ನೂರಿಪ್ಪತ್ತು ಕೋಣೆ. ಎಲ್ಲವೂ ಮೊದಲ ದರ್ಜೆ, ಎರಡನೆಯದೆಂಬುದೇ ಇಲ್ಲ. ಫೋಟೋ ತೊಳೆಯುವವರಿಗೆ ಕತ್ತಲೆ ಕೋಣೆ. ವ್ಯಾಯಾಮಕ್ಕೆ ಮರದ ಒಂಟೆ. ಹತ್ತಿ ಕೂತು ಗುಂಡಿ ಒತ್ತಿದರೆ ಮರುಭೂಮಿ ಕಾಣದೆಯೇ ಸೊಂಟ ನೋಯುತ್ತದೆ.

ಸರಕಿಲ್ಲ, ಅಂಚೆಯಿಲ್ಲ, ವಲಸೆಯ ಜನವಿಲ್ಲ,
ಸುಖವೊಂದ ಬಿಟ್ಟರೆ ಹೊರುವುದೇನಿಲ್ಲ.

ಹಡಗಿನ ಪಾರುಪತ್ಯಗಾರ ಟೀಟ್ಯೆನ್ಸರು ಬೆಳಿಗ್ಗೆ ಕರೆಸಿದರು. “ಪುಲ್ಸ್, ನಿಮಗೆ ಪ್ರಾಸದ ಚಟ ಇದೆಯಂತೆ. ಈ ಸಲ ಮೊದಲನೇ ಬಾರಿ ಸಮಭಾಜಕದ ಗೆರೆ ದಾಟಿ ಬ್ರೆಜಿಲ್‌ಗೆ ಹೋಗ್ತಿದೀವಿ. ಇಳಿಯೋ ದಿನ ಎಲ್ಲರ ಕೈಗೂ ಹಡಗಿನ ಚರಿತ್ರೆ ಅಂತ ಒಂದು ಪುಸ್ತಿಕೆ ಕೊಡೋಣ. ಇಪ್ಪತ್ತನಾಲ್ಕು ಪುಟ. ನಗುನಗುತ್ತಾ ಓದೋ ಹಾಗಿರಲಿ.”

“ಮಧ್ಯೆ ದುಃಖದ ಸಂಗತಿ ಏನಾದ್ರೂ ಬಂದ್ರೆ?”

“ದುಃಖಕ್ಕೆ ಪುಟ ಇಲ್ಲ.”

ಆ ಪುಟವೇ ಇದು, ಮಹಾಧ್ಯಕ್ಷರೇ.

೧೪ ಜನವರಿ, ಇಂಗ್ಲಿಷ್ ಕಾಲುವೆ ದಾಟಿದ ಮೇಲೆ

ಸಮಭಾಜಕದ ಗೆರೆಯನ್ನು ಮೊದಲ ಸಲ ದಾಟುವವನು ಸಮುದ್ರರಾಜ ನೆಪ್ಚೂನನ ಕೈಯಲ್ಲಿ ಸ್ನಾನ ಮಾಡಲೇಬೇಕು. ಪ್ರಯಾಣಿಕರಿಗೆ ಹಣೆಗೆರಡು ಹನಿ ಅತ್ತರು, ಕೈಗೊಂದು ಲೋಟ ಶಾಂಪೇನು. ಹಡಗಿನ ಆಳುಗಳಿಗೆ ಬೇರೆ ಕ್ರಮ. ಮೈಗೆ ಡಾಂಬರು, ಗಡ್ಡಕ್ಕೆ ಪೀಪಾಯಿಯ ಪಟ್ಟಿಯಿಂದ ಮಾಡಿದ ಕತ್ತಿ, ಬಾಯಿಗೆ ಸಾಬೂನು ಮತ್ತು ಕೋಳಿ ಹಿಕ್ಕೆಯ ಉಂಡೆ. ಆಮೇಲೆ ಮೂವತ್ತಡಿ ಉದ್ದದ ಕ್ಯಾನ್ವಾಸಿನ ಕೊಳವೆಯಲ್ಲಿ ತೆವಳಬೇಕು, ಎರಡೂ ಕಡೆ ನಿಂತವರು ಹಗ್ಗದ ತುದಿಯಿಂದ ಬಾರಿಸುತ್ತಾರೆ. ಕೊನೆಗೆ ನೀರಿನ ತೊಟ್ಟಿ. ಇಷ್ಟಾದ ಮೇಲೆ ಒಂದು ಸ್ನಾನಪತ್ರ ಸಿಗುತ್ತದೆ. ಪತ್ರವಿದ್ದವನನ್ನು ಮುಂದೆ ಎಂಜಿನಿಯರನಿರಲಿ, ಕಪ್ತಾನನೂ ಮುಟ್ಟುವಂತಿಲ್ಲ. ಪತ್ರವಿಲ್ಲದವನು ಬೈಬಲ್ ಮುಟ್ಟಿ ಆಣೆ ಹಾಕಿದರೂ ದಾಟಿಲ್ಲವೆಂದೇ ಲೆಕ್ಕ. ನನ್ನದು ಎಂಬತ್ತೊಂಬತ್ತರಲ್ಲೇ ಆಯಿತು. ಎಡಗಿವಿಯ ಹಿಂದೆ ಗುರುತಿದೆ.

ಈ ಸಲ ನನಗೆ ಸಮುದ್ರರಾಜನ ಗುಮಾಸ್ತನ ಪದವಿ. ಪತ್ರ ಅಚ್ಚು ಹಾಕುವುದು, ಒಬ್ಬೊಬ್ಬನ ಪಾಪಗಳನ್ನು ಪದ್ಯದಲ್ಲಿ ಕಟ್ಟಿ ಸಭೆಯಲ್ಲಿ ಓದುವುದು.

ಮಧ್ಯಾಹ್ನ ಬಾಯ್ಲರ್ ಕೋಣೆಯ ಹಿನ್ನೆರ್ಕ್ ಲೋಫ್ಟ್ ನನ್ನ ಬಾಗಿಲಲ್ಲಿ ನಿಂತಿದ್ದ. ನಲವತ್ತರ ಆಸುಪಾಸು, ಬಾಗಿಲಿನಷ್ಟೇ ಅಗಲದ ಹೆಗಲು, ಎಷ್ಟು ತೊಳೆದರೂ ರೆಪ್ಪೆಯ ಅಂಚಿನಲ್ಲಿ ಕಾಡಿಗೆಯಂತೆ ಕಲ್ಲಿದ್ದಲು.

“ಮೇಷ್ಟ್ರೇ, ಒಂದು ಕಾಗದ ಬೇಕಿತ್ತು. ಸ್ನಾನದ್ದು.”

“ಸ್ನಾನ ಮಾಡಿದ್ರೆ ತಾನಾಗೇ ಸಿಗುತ್ತಲ್ಲ.”

“ನಂದು ತೊಂಬತ್ತೇಳರಲ್ಲೇ ಆಗಿದೆ, ಚಿಲಿಗೆ ಹೋಗೋ ಹಾಯಿಹಡಗಲ್ಲಿ. ಹೋದ ತಿಂಗಳು ಛತ್ರದಲ್ಲಿ ಪೆಟ್ಟಿಗೆ ಕದ್ರು. ಪತ್ರಾನೂ ಅದರ ಜೊತೇಲೇ ಹೋಯ್ತು.”

“ಇನ್ನೊಂದ್ಸಲ ಮುಳುಗು ಮಾರಾಯ. ಮಸೀನಾದ್ರೂ ಹೋಗುತ್ತೆ.”

ಅವನು ನಗಲಿಲ್ಲ. “ಬ್ರಾಕ್‌ಫೋಗೆಲ್ ಹೇಳಿದಾನೆ, ಗೆರೇಲಿ ಸಿಗ್ತೀಯ ಅಂತ.”

ಬ್ರಾಕ್‌ಫೋಗೆಲ್ ನಮ್ಮ ಎರಡನೇ ಎಂಜಿನಿಯರ್, ಬಾಯ್ಲರ್ ಕೋಣೆಯ ದೊರೆ. ಹೋದ ಬೇಸಿಗೆಯ ನಾರ್ವೆ ಸುತ್ತಿನಲ್ಲಿ ಕಲ್ಲಿದ್ದಲು ಹೊರುವ ಒಬ್ಬನಿಗೆ ಕಬ್ಬಿಣದ ಸಲಾಕೆಯಿಂದ ಹೊಡೆದಿದ್ದ. ಆ ಬಡಪಾಯಿ ಡೆಕ್ಕಿಗೆ ಓಡಿ ಬಂದು ನೀರಿಗೆ ಹಾರಿದ. ‘ಸೆಖೆಗೆ ತಲೆ ಕೆಟ್ಟಿತ್ತು’ ಎಂದು ಹಡಗಿನ ದಾಖಲೆ ಪುಸ್ತಕದಲ್ಲಿ ಬರೆದರು. ಲೋಫ್ಟ್ ಮಾತ್ರ ಹ್ಯಾಂಬರ್ಗಿನಲ್ಲಿ ನಾವಿಕರ ಕಚೇರಿಗೆ ಹೋಗಿ, ಕಂಡದ್ದನ್ನು ಕಂಡ ಹಾಗೆ ಹೇಳಿ ಬಂದ. ಬ್ರಾಕ್‌ಫೋಗೆಲ್ಲನಿಗೆ ಎಚ್ಚರಿಕೆಯ ಪತ್ರ ಬಂತು, ಅಷ್ಟೇ.

“ಕೆಲಸದ ಹೊತ್ತಲ್ಲಿ ಹೊಡೆದ್ರೆ ಕೇಸಾಗುತ್ತೆ ಮೇಷ್ಟ್ರೇ,” ಅಂದ ಲೋಫ್ಟ್. “ಗೆರೇಲಿ ಹೊಡೆದ್ರೆ ಆಟ.”

ನೋಡೋಣ, ಊಟದ ಪಟ್ಟಿ ರಾಶಿ ಬಿದ್ದಿದೆ ಎಂದೆ. ಬಿದ್ದಿದ್ದೂ ನಿಜ.

೧೬ ಜನವರಿ, ಬಿಸ್ಕೆ ಕೊಲ್ಲಿ

ಪುಸ್ತಿಕೆಯಲ್ಲಿ ಒಂದು ಪುಟ ‘ನಮ್ಮ ಮಹಾಗ್ನಿಗಳು’ ಎಂದಿರಲಿ ಎಂದು ಟೀಟ್ಯೆನ್ಸರು ಹೇಳಿದ್ದರಿಂದ ಕೆಳಗಿಳಿದೆ. ನಾಲ್ಕು ಏಣಿ. ಹಡಗು ಹೊರಳುವಾಗ ಕುಲುಮೆಯ ಬಾಗಿಲುಗಳು ತಾವಾಗಿಯೇ ಬಾಯಿ ತೆರೆಯುತ್ತಿದ್ದವು. ಸೊಂಟದ ಮೇಲೆ ಬಟ್ಟೆಯಿಲ್ಲದ ಹನ್ನೆರಡು ಜನ, ಕಾಲು ಜಾರಿದರೆ ನೇರವಾಗಿ ಕೆಂಡದ ಕಡೆಗೆ.

ಬ್ರಾಕ್‌ಫೋಗೆಲ್ ಉಗಿಯ ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತಿದ್ದ. “ಬೀಳ್ತಾ ಇದೆ. ಮೇಲೆ ಹೆಂಗಸರು ಬಿಸಿನೀರಿಗೆ ಕಾಯ್ತಾ ಇದಾರೆ, ಇಲ್ಲಿ ನಿಮಗೆ ನಿದ್ದೆಯೇನ್ರೋ?” ಎಂದವನು ಸಲಿಕೆ ತೆಗೆದುಕೊಂಡು ಅದರ ಚಪ್ಪಟೆ ಮುಖದಿಂದ ಲೋಫ್ಟನ ಬೆನ್ನಿಗೆ ಬಿಟ್ಟ. ಸದ್ದು ಗೋಣಿಚೀಲ ಬಿದ್ದಂತಿತ್ತು. ಲೋಫ್ಟ್ ಮುಂದಕ್ಕೆ ಮುಗ್ಗರಿಸಿ ಮುಂಗೈಯನ್ನು ಕುಲುಮೆಯ ಬಾಗಿಲಿಗೆ ಊರಿದ. ಎಳೆದಾಗ ಚರ್ಮ ಅಲ್ಲಿಯೇ ಉಳಿಯಿತು, ಮಸಿ ಹೆಚ್ಚಾದಾಗ ಕಾಗದ ಅಚ್ಚಿನ ಮೊಳೆಗಳಿಗೆ ಕಚ್ಚಿಕೊಂಡು ಹರಿದು ಬರುವ ಹಾಗೆ. ಅವನು ಕೂಗಲಿಲ್ಲ. ಉಳಿದ ಹನ್ನೊಂದು ಜನ ತಿರುಗಿ ನೋಡಲೂ ಇಲ್ಲ. ಲೋಫ್ಟ್ ಸುಟ್ಟ ಕೈಗೆ ಬಿಚ್ಚಿಟ್ಟಿದ್ದ ಅಂಗಿ ಸುತ್ತಿಕೊಂಡು ಮತ್ತೆ ಸಲಿಕೆ ಹಿಡಿದ.

ನಾನು ಕಲ್ಲಿದ್ದಲಿನ ಬಕೆಟ್ಟಿಗೆ ವಾಂತಿ ಮಾಡಿದೆ.

“ಕವಿಗಳಿಗೆ ಗಾಳಿ ಬೇಕು, ಮೇಲಕ್ಕೆ ಕಳಿಸ್ರೋ,” ಎಂದ ಬ್ರಾಕ್‌ಫೋಗೆಲ್, ನಗುತ್ತಾ ಅಲ್ಲ, ನಿಜವಾದ ಕಾಳಜಿಯಿಂದಲೇ.

ಸಂಜೆಯ ಊಟದ ಪಟ್ಟಿಯನ್ನು ಎರಡು ಸಲ ಜೋಡಿಸಬೇಕಾಯಿತು. ಏಡಿ ಸಾರು, ಬೆಣ್ಣೆಯಲ್ಲಿ ಬೇಯಿಸಿದ ಮೀನು, ಅನಾನಸಿನ ಐಸ್.

ಮೇಲ್ಗಡೆ ಮೀನಿಗೆ ನಿಂಬೆಯ ಹೋಳು,
ಕೆಳಗಡೆ ಬೇಯುವುದು ಬಾಯ್ಲರಿನ ಆಳು.

ಇದನ್ನು ಎಲ್ಲಿಯೂ ಅಚ್ಚು ಹಾಕುವಂತಿಲ್ಲ. ಪ್ರಾಸ ಮಾತ್ರ ಸೊಗಸಾಗಿ ಕೂತಿದೆ. ಲೋಫ್ಟನ ಕಾಗದವನ್ನು ನಾಳೆಯೇ ಮಾಡಿಕೊಡಬೇಕು.

೨೦ ಜನವರಿ, ಮದೇರಾ

ನಾಳೆ, ನಾಳಿದ್ದು ಎನ್ನುತ್ತಾ ಮದೇರಾ ಬಂತು. ಪ್ರಯಾಣಿಕರೆಲ್ಲ ಎತ್ತಿನ ಜಾರುಬಂಡಿ ಹತ್ತಲು ದಡಕ್ಕೆ ಹೋಗಿದ್ದಾರೆ.

ಬ್ರಾಕ್‌ಫೋಗೆಲ್ ಒಂದು ಬಾಟಲಿ ಹಿಡಿದುಕೊಂಡು ನನ್ನ ಅಚ್ಚಿನ ಕೋಣೆಗೆ ಬಂದ. ಉಗುರುಗಳು ಎಷ್ಟು ಸ್ವಚ್ಛವೆಂದರೆ ನಾಚಿ ನನ್ನ ಕೈಗಳನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡೆ.

“ಪುಲ್ಸ್ ಅವರೇ, ಹೊಸ ವರ್ಷದ ಪಟ್ಟೀಲಿ ಬಾತುಕೋಳಿ ಮೇಲೆ ನಾಲ್ಕು ಸಾಲು ಬರೆದಿದ್ರಲ್ಲ, ನಮ್ಮ ಮೆಸ್ಸಲ್ಲಿ ಇವತ್ತಿಗೂ ಹೇಳ್ತೀವಿ.” ಎಂದು ಆ ನಾಲ್ಕೂ ಸಾಲುಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ, ಎಳೆಯಬೇಕಾದಲ್ಲಿ ಎಳೆದ. ನಲವತ್ತನಾಲ್ಕು ವರ್ಷಗಳಲ್ಲಿ ನನ್ನ ಪದ್ಯವನ್ನು ಬಾಯಿಪಾಠ ಮಾಡಿದ ಮೊದಲ ಮನುಷ್ಯ.

“ಲೋಫ್ಟ್‌ಗೆ ಒಂದು ಬರೀರಿ. ಎಲ್ಲರಿಗೂ ನಾಲ್ಕು ಸಾಲಾದ್ರೆ ಅವನಿಗೆ ಉದ್ದಕ್ಕಿರಲಿ. ಖಾರ ಕಮ್ಮಿ ಮಾಡ್ಬೇಡಿ.”

“ಅವನಿಗೆ ಸ್ನಾನ ಆಗಿದೆ ಅಂತಾನಪ್ಪ.”

“ಪತ್ರ ತೋರಿಸ್ಲಿ, ಯಾರು ಬೇಡ ಅಂದ್ರು? ತೋರಿಸಿದ್ರೆ ನಾನೇ ಕೈಕುಲುಕಿ ಕಳಿಸ್ತೀನಿ. ಕಾನೂನು ಕಾನೂನೇ.”

ಅವನು ಹೋದ ಮೇಲೆ ಸುಮ್ಮನೆ ಕೈಗೆ ಪೆನ್ಸಿಲ್ ತೆಗೆದುಕೊಂಡೆ. ಇಪ್ಪತ್ತನಾಲ್ಕು ಸಾಲು ಒಂದೇ ಪಟ್ಟಿಗೆ ಬಂದವು. ಮೊದಲ ಆರು ಇಲ್ಲಿವೆ:

ಕೆಳಗಿನ ಮಾತನು ಮೇಲಕೆ ಹೊತ್ತವನೆ,
ದಡಕ್ಕೆ ಓಡಿ ದೂರನು ಇತ್ತವನೆ,
ಕಪ್ಪನೆ ಮೋರೆಯಲಿ ಹಲ್ಲೊಂದೆ ಬಿಳುಪು,
ಅದನೂ ಕಿತ್ತರೆ ಬರುವುದು ಹೊಳಪು.
ನಾಲಗೆ ಉದ್ದ, ಕಡಲು ಆಳ,
ಎರಡನು ಕೂಡಿಸಿ ಹಾಕೋಣ ತಾಳ.

ಮಹಾಧ್ಯಕ್ಷರೇ, ಇದು ವ್ಯಕ್ತಿದ್ವೇಷವಲ್ಲ. ಕಲೆಗೆ ಅದರದೇ ಆದ ದಾರಿಯಿರುತ್ತದೆ.

೨೨ ಜನವರಿ

ನನ್ನ ಕೋಣೆಯ ಇನ್ನೊಂದು ಮಂಚದಲ್ಲಿ ವಾದ್ಯಮೇಳದ ಜ್ವಿರ್ನರ್ ಇದ್ದಾನೆ, ಟ್ರೊಂಬೋನ್ ಊದುವವನು. ಲೋಫ್ಟನ ಪದ್ಯವನ್ನು ಓದಿ ತೋರಿಸಿದೆ. “ಐದನೇ ಸಾಲು ಕುಂಟುತ್ತೆ ಕಣ್ರೀ,” ಅಂದ. ಕೈಯಲ್ಲಿ ಮೊಳೆ ಜೋಡಿಸುವ ಉಕ್ಕಿನ ಪಟ್ಟಿಯಿತ್ತು, ಅದರಿಂದಲೇ ಬಾಯಿಗೆ ಹೊಡೆದೆ. ಎರಡು ಹಲ್ಲು ಹೋದವು, ತುಟಿಗೆ ನಾಲ್ಕು ಹೊಲಿಗೆ. ಏಣಿಯಿಂದ ಬಿದ್ದೆನೆಂದು ಡಾಕ್ಟರಿಗೆ ಹೇಳಿದ್ದಾನೆ, ಒಳ್ಳೆಯ ಮನುಷ್ಯ. ಇನ್ನು ಹತ್ತು ದಿನ ಟ್ರೊಂಬೋನಿಲ್ಲ; ಪ್ರಯಾಣಿಕರಲ್ಲಿ ಯಾರೂ ದೂರಿಲ್ಲ.

ಐದನೇ ಸಾಲನ್ನು ಮತ್ತೆ ಮತ್ತೆ ಹೇಳಿ ನೋಡಿದೆ. ಕುಂಟುವುದಿಲ್ಲ.

೨೬ ಜನವರಿ, ಸಾವ್ ವಿಸೆಂಟೆ

ಕಲ್ಲಿದ್ದಲು ತುಂಬಿಸುವ ದಿನ. ಬಿಳಿ ಹಡಗಿಗೆ ಮಸಿ ತಾಗಬಾರದೆಂದು ಎಲ್ಲ ಕಿಟಕಿಗಳಿಗೂ ಕಾಗದ ಅಂಟಿಸಿದ್ದಾರೆ. ಗೋದಾಮಿನ ಒಳಗೆ ಹೊಗೆಯಂಥ ಧೂಳು, ಆ ಧೂಳಿನಲ್ಲಿ ಯಾರು ಯಾರಿಗೆ ಹೊಡೆದರೆಂದು ಯಾರು ನೋಡುತ್ತಾರೆ? ಸಂಜೆ ಲೋಫ್ಟ್ ಗೋಡೆ ಹಿಡಿದುಕೊಂಡು ಬಂದ. ಎಡಗಡೆಯ ಪಕ್ಕೆ ಒಳಕ್ಕೆ ಹೋಗಿತ್ತು.

“ಸಲಾಕೇಲಿ ತಿವಿದ, ಮೂರು ಸಲ. ಉಸಿರು ಎಳೆದ್ರೆ ಒಳಗೇನೋ ಚುಚ್ಚುತ್ತೆ.” ನನ್ನ ಕಸದ ಡಬ್ಬಿಗೆ ಉಗುಳಿದ. ಕೆಂಪಾಗಿತ್ತು.

“ಡಾಕ್ಟರ್ ಹತ್ರ ಹೋಗೋದಲ್ವೇನಯ್ಯ?”

“ಹೋಗಿದ್ದೆ. ಪಟ್ಟಿ ಸುತ್ತಿ ವಾಪಸ್ ಕಳಿಸಿದ್ರು. ಮಲಗಿಸ್ಕೊಂಡ್ರೆ ಯಾಕೆ ಅಂತ ಬರೀಬೇಕಲ್ಲ.” ಸುಟ್ಟ ಕೈ ನೋಡಿಕೊಂಡ. “ಮೇಷ್ಟ್ರೇ, ನಾನು ಹೆದರೋ ಪೈಕಿ ಅಲ್ಲ. ಆದ್ರೆ ಈ ಪಕ್ಕೆ ಇಟ್ಕೊಂಡು ಆ ಕೊಳವೆ ಒಳಗೆ ಹೋದ್ರೆ ಆಚೆ ಬರಲ್ಲ. ಒಂದು ಕಾಗದ. ನಿಮ್ಮ ಹೆಸರು ಕೊಂದ್ರೂ ಹೇಳಲ್ಲ.”

“ನಾಳಿದ್ದು ಬಾ.”

“ನಾಳಿದ್ದು ಅಂದ್ರೆ ನಾಳಿದ್ದೇನಾ?”

“ಮಾತು ಕೊಟ್ಟೆ ಅಂತ ಇಟ್ಕೋ.”

ಅವನು ಹೋದ ಮೇಲೆ ಡಬ್ಬಿ ತೊಳೆಸಿದೆ. ನೆಲದಲ್ಲಿಯೂ ಒಂದು ಹನಿ ಬಿದ್ದಿತ್ತು. ಹೇಳಿ ಉಗುಳಬಾರದೇ.

೨೮ ಜನವರಿ

ಕಾಗದ ಮಾಡಿದೆ. ಅಚ್ಚಿನ ಮೊಳೆಗಳ ಖಾನೆಯ ತಳಕ್ಕೆ ಹಾಸಿದ್ದ ಹಳದಿಯಾದ ಹಾಳೆ, ಅದಕ್ಕೆ ಕಾಫಿಯ ಬಣ್ಣ, ನಾಲ್ಕು ಮಡಿಕೆ, ಮೂಲೆಯಲ್ಲೊಂದು ಹರಕು. ಹಾಯಿಹಡಗಿನ ಹೆಸರು, ೧೮೯೭, ಸಮುದ್ರರಾಜನ ಮುದ್ರೆ. ಸುತ್ತ ಶಂಖಗಳ ಅಂಚು. ಲೋಫ್ಟ್ ಎರಡೂ ಕೈಯಲ್ಲಿ ತೆಗೆದುಕೊಂಡ. ಓದಲು ಬರುತ್ತದೋ ಇಲ್ಲವೋ, ಬಹಳ ಹೊತ್ತು ನೋಡಿದ. ಅಂಗಿಯ ಒಳಗೆ, ಪಟ್ಟಿ ಸುತ್ತಿದ ಪಕ್ಕೆಗೆ ಒತ್ತಿ ಇಟ್ಟುಕೊಂಡ.

“ಇನ್ನು ನಿದ್ದೆ ಬರುತ್ತೆ ಮೇಷ್ಟ್ರೇ,” ಅಂದ.

೩೦ ಜನವರಿ

ಡೆಕ್ ಮೇಸ್ತ್ರಿ ಮೇವೆಸ್ ಸಮುದ್ರರಾಜನಾಗುತ್ತಾನೆ. ಹಗ್ಗದ ನಾರಿನ ಗಡ್ಡ, ತಗಡಿನ ಕಿರೀಟ, ಅಡುಗೆಮನೆಯ ಮೂರು ಮುಳ್ಳಿನ ಕೊಕ್ಕೆಯೇ ತ್ರಿಶೂಲ. ಇವತ್ತು ತಾಲೀಮು. ನನ್ನ ಧ್ವನಿ ಕೊನೆಯ ಸಾಲಿನ ತನಕ ಕೇಳುತ್ತದಂತೆ.

ಅಚ್ಚಿನ ಹಾಳೆಗಳ ಮೇಲೆ ಕಾಫಿ ಚೆಲ್ಲಿದ ಪರಿಚಾರಕನಿಗೆ ಎರಡು ಕೊಟ್ಟೆ. ಮೊದಲನೆಯದು ತಪ್ಪಿಗೆ, ಎರಡನೆಯದು ಮೊದಲನೆಯದಕ್ಕೆ ಪ್ರಾಸ.

೩೧ ಜನವರಿ, ಗೆರೆ

ಬಿಸಿಲಿನಲ್ಲಿ ಡೆಕ್ಕಿನ ಡಾಂಬರು ಕುದಿಯುತ್ತಿತ್ತು. ಪ್ರಯಾಣಿಕರು ಮೇಲಿನ ಅಟ್ಟದ ಕಟಕಟೆಯುದ್ದಕ್ಕೂ ಬೆತ್ತದ ಕುರ್ಚಿ ಹಾಕಿಕೊಂಡಿದ್ದರು. ಮೊದಲು ಅವರ ಹನಿ ಅತ್ತರಿನ ಸ್ನಾನ, ನಗು, ಚಪ್ಪಾಳೆ. ಆಮೇಲೆ ಆಳುಗಳ ಸರದಿ.

ಮೊದಲ ಏಳು ಜನ ಹೇಗೋ ಆದರು. ಒಬ್ಬ ಬಾಣಸಿಗನ ಕಿವಿ ಹರಿಯಿತು, ಒಬ್ಬನ ಭುಜ ಕಳಚಿತು. ಎಂಟನೆಯವನು ಲೋಫ್ಟ್. ಎಳೆದು ತಂದವರ ಕೈ ಕೊಡವಿಕೊಂಡು ತಾನೇ ನಡೆದು ಬಂದು ಸಮುದ್ರರಾಜನ ಮುಂದೆ ಕಾಗದ ಬಿಚ್ಚಿದ.

ಮೇವೆಸ್ ಓದಿದ. ಓದಿ ಕಿರೀಟ ಸರಿಮಾಡಿಕೊಂಡ. “ಸರಿಯಾಗೇ ಇದೆ ಕಣ್ರಪ್ಪ. ತೊಂಬತ್ತೇಳು. ಬಿಡ್ರಿ ಇವನ್ನ.”

ಲೋಫ್ಟ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

“ಒಂದ್ನಿಮಿಷ,” ಎಂದು ಬ್ರಾಕ್‌ಫೋಗೆಲ್ ಮುಂದೆ ಬಂದ. ಆವತ್ತು ಅವನು ಸಮುದ್ರರಾಜನ ಕ್ಷೌರಿಕ. ನನ್ನ ಮೇಜಿನ ಮೇಲಿಂದ ಪ್ರಯಾಣಿಕರ ಹೊಸ ಪತ್ರವೊಂದನ್ನು ತೆಗೆದು ಲೋಫ್ಟನ ಹಳೆಯ ಪತ್ರದ ಪಕ್ಕ ಹಿಡಿದ. ಎರಡರ ಅಂಚಿನಲ್ಲಿಯೂ ಒಂದೇ ಶಂಖದ ಸಾಲು. ಬಲಮೂಲೆಯ ಮೂರನೇ ಶಂಖಕ್ಕೆ ಎರಡರಲ್ಲಿಯೂ ಬಾಲವಿಲ್ಲ. ಆ ಮೊಳೆ ಈ ಪ್ರಯಾಣದಲ್ಲೇ ನನ್ನ ಕೈಜಾರಿ ಬಿದ್ದು ಮುರಿದಿತ್ತು. ಈ ಸುತ್ತಿಗೆಂದೇ ತರಿಸಿದ ಹೊಚ್ಚಹೊಸ ಅಂಚು.

“ಸಮುದ್ರರಾಜರೇ, ತೊಂಬತ್ತೇಳರಲ್ಲೇ ನೀವು ನಮ್ಮ ಹಡಗಲ್ಲಿ ಅಚ್ಚು ಹಾಕಿಸ್ತಿದ್ರಾ? ಹಡಗು ಇನ್ನೂ ಕಟ್ಟಿರ್ಲಿಲ್ವಲ್ಲ.”

ಮೇಲಿನ ಅಟ್ಟವೆಲ್ಲ ನಕ್ಕಿತು. ಅವಸರದ ಕೆಲಸ, ಮಹಾಧ್ಯಕ್ಷರೇ. ಕೈಗೆ ಸಿಕ್ಕಿದ ಅಂಚನ್ನು ಇಟ್ಟುಬಿಟ್ಟಿದ್ದೆ. ಅಚ್ಚುಗಾರ ಮಾತ್ರ ಮಾಡಬಲ್ಲ ತಪ್ಪು.

ಮೇವೆಸ್ ನನ್ನ ಕಡೆ ನೋಡಿದ. ನಾನು ಪಟ್ಟಿ ನೋಡಿದೆ. “ಯಾರು ಮಾಡಿಕೊಟ್ಟಿದ್ದೋ ಇದು?” ಎಂದು ಅವನು ಲೋಫ್ಟನನ್ನು ಕೇಳಿದ.

“ನಾನೇ ಕದ್ದು ಅಚ್ಚು ಹಾಕ್ಕೊಂಡೆ,” ಅಂದ ಲೋಫ್ಟ್.

ಸಮುದ್ರರಾಜನಿಗೆ ಮೋಸ ಮಾಡಿದವನಿಗೆ ಎಲ್ಲವೂ ಎರಡು ಸಲ. ಅದು ಹಳೆಯ ಕಟ್ಟಳೆ, ಮೇವೆಸ್ ತಪ್ಪಿಸುವಂತಿರಲಿಲ್ಲ. ಅವನು ನನ್ನತ್ತ ಕೊಕ್ಕೆ ಬೀಸಿದ. “ಗುಮಾಸ್ತರೇ, ಪಾಪ ಓದಿ.”

ಓದಿದೆ. ಇಪ್ಪತ್ತನಾಲ್ಕೂ ಸಾಲು. ‘ಹೊಳಪು’ ಎನ್ನುವಲ್ಲಿ ಅಟ್ಟದ ಮೇಲೆ ಒಬ್ಬ ಹೆಂಗಸು ನಗು ತಡೆಯಲಾರದೆ ಕುರ್ಚಿಯ ಕೈ ಹಿಡಿದುಕೊಂಡಳು. ‘ತಾಳ’ ಎನ್ನುವಲ್ಲಿ ಎಲ್ಲರೂ ನಿಜವಾಗಿಯೂ ಚಪ್ಪಾಳೆಯ ತಾಳ ಹಾಕಿದರು. ಅದೇ ತಾಳಕ್ಕೆ ಬ್ರಾಕ್‌ಫೋಗೆಲ್ ಕತ್ತಿ ಎಳೆದ. ಗದ್ದದಿಂದ ಕಿವಿಯ ತನಕ ಡಾಂಬರಿನ ಜೊತೆ ಚರ್ಮವೂ ಸುರುಳಿಯಾಗಿ ಬಂತು. ಉಂಡೆ ತುರುಕುವಾಗ ಮುಷ್ಟಿಯೂ ಒಳಗೆ ಹೋಯಿತು. ಹಲ್ಲು ಎರಡೋ ಮೂರೋ.

ಕೊಳವೆಯಲ್ಲಿ ಅವನು ಎಲ್ಲಿದ್ದಾನೆಂಬುದು ಹೊರಗಿನಿಂದ ಕಾಣುತ್ತಿತ್ತು, ಹಾವು ನುಂಗಿದ ಇಲಿಯ ಹಾಗೆ ಒಂದು ಉಬ್ಬು. ಉಬ್ಬು ಕಂಡಲ್ಲಿಗೆ ಏಟು. ಹಗ್ಗದ ತುದಿಗಳಿಗೆ ಸೀಸದ ಗುಂಡು ಕಟ್ಟಿದ್ದನ್ನು ಆಗ ನೋಡಿದೆ. ಮೊದಲ ಸುತ್ತು ಮುಗಿಸಿ ಹೊರಬಂದ, ಮತ್ತೆ ಅವನನ್ನು ತಿರುಗಿಸಿ ಒಳಗೆ ತಳ್ಳಿದರು. ಯಾರೋ ನನ್ನ ಕೈಗೂ ಹಗ್ಗ ಕೊಟ್ಟರು. ಗುಮಾಸ್ತನೆಂದ ಮೇಲೆ ಶಾಸ್ತ್ರಕ್ಕೊಂದು ಹಾಕಲೇಬೇಕು. ನಾಲ್ಕು ಹಾಕಿದೆ.

ಎರಡನೇ ಸಲ ಉಬ್ಬು ನಡುವೆ ನಿಂತಿತು. ಕಾಲು ಹಿಡಿದು ಎಳೆದು ತೊಟ್ಟಿಗೆ ಹಾಕಿದರು. ಬ್ರಾಕ್‌ಫೋಗೆಲ್ ಪೊರಕೆಯ ಕೋಲಿನಿಂದ ತಲೆ ಅದುಮಿ ಹಿಡಿದ. ಅಟ್ಟದ ಮೇಲಿಂದ ಫೋಟೋ ತೆಗೆಯುತ್ತಿದ್ದ ಒಬ್ಬರು, “ಇನ್ನೊಂದ್ಸಲ ಹಾಗೇ ಮಾಡಿ, ಬಿಸಿಲು ಬಂದಿದೆ,” ಎಂದರು. ಇನ್ನೊಂದು ಸಲ ಮಾಡಿದರು. ಮೇವೆಸ್ ಕಿರೀಟ ಕಿತ್ತೆಸೆದು ತೊಟ್ಟಿಗೆ ಧುಮುಕಿ ಅವನನ್ನು ಎತ್ತಿಕೊಂಡಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಊಟದ ಹೊತ್ತಿಗೆ ನಾಲ್ಕು ಜನ ನನ್ನ ಕೈಕುಲುಕಿದರು. ಆ ಪದ್ಯದ ಪ್ರತಿ ಬೇಕಂತೆ.

೧ ಫೆಬ್ರವರಿ

ಬೆಳಿಗ್ಗೆ ಹತ್ತಕ್ಕೆ ಲೋಫ್ಟ್ ಸತ್ತ. ಹನ್ನೆರಡೂವರೆಗೆ, ಪ್ರಯಾಣಿಕರೆಲ್ಲ ಊಟಕ್ಕೆ ಕೂತಾಗ, ಹಿಂಬದಿಯಿಂದ ನೀರಿಗಿಳಿಸಿದರು. ಹಡಗು ನಿಧಾನ ಮಾಡಲಿಲ್ಲ. ವಾದ್ಯಮೇಳಕ್ಕೆ ಜೋರಾಗಿ ನುಡಿಸಲು ಹೇಳಿದ್ದರು.

ಪ್ರತಿಗಳು ನಲವತ್ತು ಹಾಕಿದೆ. ಸಾಲಲಿಲ್ಲ.

೩ ಫೆಬ್ರವರಿ, ಪೆರ್ನಾಂಬುಕು

ಬೂದಿ ಎತ್ತುವ ಬಕೆಟ್ಟು ಹಗ್ಗ ಹರಿದು ಬ್ರಾಕ್‌ಫೋಗೆಲ್ಲನ ಬಲಗೈ ಮೇಲೆ ಬಿತ್ತು. ಬಕೆಟ್ಟಿನಲ್ಲಿ ಬೂದಿಯಿರಲಿಲ್ಲ, ಕುಲುಮೆಯ ಕಬ್ಬಿಣದ ಸರಳುಗಳಿದ್ದವು. ಮಣಿಕಟ್ಟಿನ ತನಕ ಡಾಕ್ಟರು ತೆಗೆದರು. ಹನ್ನೊಂದು ಜನ ಹನ್ನೊಂದು ಬಾಯಲ್ಲಿ ಒಂದೇ ಮಾತು ಹೇಳಿದರು: ಹಗ್ಗ ಹಳೆಯದು. ತುದಿಯನ್ನು ನಾನೂ ನೋಡಿದೆ, ನೀಟಾಗಿ ಕತ್ತರಿಸಿತ್ತು.

ಹೊಡೆದ ಕೈಗೆ ಬಿತ್ತು ಬಕೆಟ್ಟು,
ಬೆರಳೈದೂ ಈಗ ಒಂದೇ ಕಟ್ಟು.

ಟೀಟ್ಯೆನ್ಸರು ಪುಸ್ತಿಕೆಯ ಹಾಳೆ ತಿದ್ದಿದರು. ಹದಿನೆಂಟನೇ ಪುಟದಲ್ಲಿ: ‘ಸಮುದ್ರರಾಜನ ಉತ್ಸವವು ಅತ್ಯಂತ ಉಲ್ಲಾಸದಿಂದ ನೆರವೇರಿತು.’

“ಲೋಫ್ಟ್?” ಎಂದೆ.

“ಡಾಕ್ಟರ್ ಸೆಖೆ ಹೊಡೆತ ಅಂತ ಬರೆದಿದಾರೆ. ಸೆಖೆ ಬಗ್ಗೆ ಹನ್ನೊಂದನೇ ಪುಟದಲ್ಲೇ ಇದೆಯಲ್ಲ.”

೫ ಫೆಬ್ರವರಿ, ಬಹಿಯಾ

ನಮ್ಮ ದೇಶದ ಕಾನ್ಸಲರ ಕಚೇರಿಯಿಂದ ಒಬ್ಬ ಬಂದು ಎರಡು ಪ್ರಶ್ನೆ ಕೇಳಿದ. ಸತ್ತವನ ಬಳಿ ಸುಳ್ಳು ಪತ್ರ ಇತ್ತೇ? ಇತ್ತು. ಅಚ್ಚು ಹಾಕಿದವರು ಯಾರು?

ಮೇವೆಸ್ ಪಕ್ಕದಲ್ಲಿಯೇ ನಿಂತಿದ್ದ. “ನಾನು,” ಎಂದೆ. “ಅವನಿಗೆ ನಿಜವಾಗಿಯೂ ಸ್ನಾನ ಆಗಿತ್ತು, ಸಹಾಯ ಮಾಡೋಣ ಅಂತ. ಅವಸರದಲ್ಲಿ ಅಂಚು ತಪ್ಪಾಯಿತು.” ಬಂದವನು ಬರೆದುಕೊಂಡ. ಹೊರಗೆ ಹೋಗುವಾಗ ಮೇವೆಸ್ ನನ್ನ ಹೆಗಲ ಮೇಲೆ ಕೈ ಇಟ್ಟ. ಆ ಸಮಯಕ್ಕೆ ಎದೆ ಹಗುರವಾದಂತಿತ್ತು.

೭ ಫೆಬ್ರವರಿ, ರಿಯೋ ಇನ್ನೆರಡು ದಿನ

ಬಾಯ್ಲರ್ ಕೋಣೆಯಿಂದ ಮೂವರು ಬಂದಿದ್ದರು. ಸ್ನಾನ ಮಾಡಿ, ಕಾಲರಿನ ಅಂಗಿ ತೊಟ್ಟು ಬಂದಿದ್ದರು. ಮುಂದೆ ಇದ್ದವನು ಮುದುಕ ಡ್ಯೂರ್ಕೊಪ್, ಇಪ್ಪತ್ತು ವರ್ಷದಿಂದ ಸಲಿಕೆ ಹಿಡಿದವನು. ಲೋಫ್ಟನ ತಂಬಾಕಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟ. ಹಿತ್ತಾಳೆಯದು, ಮುಚ್ಚಳದ ಮೇಲೊಂದು ಲಂಗರು.

“ಅವನಿಗೆ ಮನೆಯೋರು ಅಂತ ಯಾರೂ ಇಲ್ಲ ಮೇಷ್ಟ್ರೇ. ನಾವೆಲ್ಲ ಮಾತಾಡ್ಕೊಂಡ್ವಿ, ಇದು ನಿಮಗೇ ಸೇರ್ಬೇಕು ಅಂತ.”

“ನನಗ್ಯಾಕಪ್ಪ?”

“ಮೇಲಿನೋರಲ್ಲಿ ಅವನಿಗಾಗಿ ಒಂದು ಕೆಲಸ ಮಾಡಿದೋರು ನೀವೊಬ್ರೇ. ಕಾನ್ಸಲರ ಜನದ ಮುಂದೇನೂ ಒಪ್ಕೊಂಡ್ರಂತೆ, ಮೇವೆಸ್ ಹೇಳಿದ್ರು. ಕಂಪನಿ ಕೆಲಸದಿಂದ ತೆಗೀಬಹುದು, ಆದ್ರೂ ಒಪ್ಕೊಂಡ್ರಿ.” ಡ್ಯೂರ್ಕೊಪ್ ಟೋಪಿಯನ್ನು ತಿರುಗಿಸುತ್ತಿದ್ದ. “ಸಾಯೋ ದಿನ ಬೆಳಿಗ್ಗೆ ಅವನಿಗೆ ಮಾತು ಬರ್ತಿತ್ತು, ಸ್ವಲ್ಪ. ಅಚ್ಚಿನೋರ ಮೇಲೆ ಯಾರೂ ಸಿಟ್ಟಾಗ್ಬೇಡಿ, ಪಾಪ ಅವಸರದಲ್ಲಿ ಮಾಡಿಕೊಟ್ರು ಅಂದ. ಆಮೇಲೆ ಆ ಬಕೆಟ್ಟಿನ ವಿಚಾರ ನಿಮಗೆ ಗೊತ್ತೇ ಇದೆ.”

“ಗೊತ್ತು.”

“ಯಾರಿಗೆ ಬೀಳ್ಬೇಕಿತ್ತೋ ಅವನಿಗೇ ಬಿತ್ತು. ಇನ್ನು ಮುಗೀತು.” ಮೂವರೂ ಒಬ್ಬೊಬ್ಬರಾಗಿ ನನ್ನ ಕೈಹಿಡಿದು ಕುಲುಕಿದರು. ಸುಟ್ಟು ಗಟ್ಟಿಯಾದ ಅಂಗೈಗಳು, ಮರದ ಹಲಗೆಯ ಹಾಗೆ. ಏಣಿ ಇಳಿದು ಹೋದರು.

ಮಹಾಧ್ಯಕ್ಷರೇ, ಈ ಸಂದರ್ಭದಲ್ಲಿ ಚರಿತ್ರಕಾರನು ಅತ್ಯಂತ ವಿನಯದಿಂದ

ಇಲ್ಲ. ಅಧ್ಯಕ್ಷರಿಲ್ಲ, ಪರಿಷತ್ತಿಲ್ಲ, ಮುಂದಿನ ಸಾಲಿನಲ್ಲಿ ಯಾರೂ ಕೂತಿಲ್ಲ. ಅವಸರವೂ ಇರಲಿಲ್ಲ. ಕಾಗದ ಮಾಡಿದ ದಿನ ಮಧ್ಯಾಹ್ನವಿಡೀ ನನಗೆ ಬೇರೆ ಕೆಲಸವಿರಲಿಲ್ಲ. ಹಳೆಯ ಕಾಲದ ಸಾದಾ ಅಂಚು ಎರಡನೇ ಖಾನೆಯಲ್ಲಿತ್ತು. ಅದನ್ನೇ ಮೊದಲು ಜೋಡಿಸಿದ್ದೆ, ಒಂದು ಪ್ರತಿಯನ್ನೂ ತೆಗೆದಿದ್ದೆ. ತೊಂಬತ್ತೇಳರದ್ದೇ ಎನ್ನುವಂತಿತ್ತು, ನೆಪ್ಚೂನನೇ ಬಂದರೂ ಕಂಡುಹಿಡಿಯುತ್ತಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಗೊತ್ತಾಯಿತು, ಲೋಫ್ಟ್ ಪಾರಾದರೆ ನನ್ನ ಇಪ್ಪತ್ತನಾಲ್ಕು ಸಾಲುಗಳನ್ನು ಓದುವ ಪ್ರಸಂಗವೇ ಬರುವುದಿಲ್ಲ. ಪ್ರತಿಯನ್ನು ಹರಿದೆ. ಮೊಳೆ ಬಿಚ್ಚಿದೆ. ಶಂಖಗಳನ್ನು ಒಂದೊಂದಾಗಿ ಇಟ್ಟೆ, ಮುರಿದ ಶಂಖವನ್ನು ಎಲ್ಲರಿಗೂ ಕಾಣುವ ಮೂಲೆಗೇ ಇಟ್ಟೆ.